ಜುಂಜಪ್ಪನವರ ರಸ್ತೆ

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ಹೆದ್ದಾರಿಗೆ ತೀರಿಹೋದ ಜುಂಜಪ್ಪನವರ ಹೆಸರಿಡಬೇಕೆಂದು ತೀರ್ಮಾನವಾದದ್ದು ಎಪ್ಪತ್ತಾರನೇ ಇಸವಿಯಲ್ಲಿ. ಆ ಹೊತ್ತಿಗೆ ಕಲಂದರನಿಗೆ ಐವತ್ತೆಂಟು ವರ್ಷ. ಸೊಂಟ ಹಿಡಿದುಕೊಂಡು ಲಾರಿ ಹತ್ತಿ ಇಳಿಯುವುದೇ ಕಷ್ಟವಾಗಿದ್ದರೂ ಶೇಂಗಾ ಮಂಡಿಯ ಡ್ರೈವರ್ ಕೆಲಸ ಬಿಟ್ಟಿರಲಿಲ್ಲ. ಜುಂಜಪ್ಪನವರು ತಾಲ್ಲೂಕು ಬೋರ್ಡಿನ ಅಧ್ಯಕ್ಷರಾಗಿದ್ದ ಒಂಬತ್ತು ವರ್ಷವೂ ಅವರ ಜೀಪು ಓಡಿಸಿದವನು ಅವನೇ.

ಈಗಿನ ಅಧ್ಯಕ್ಷ ಏಕಾಂತಪ್ಪ ಒಂದು ಮಧ್ಯಾಹ್ನ ತಾನೇ ಮಂಡಿಗೆ ಬಂದ.

"ಬರೋ ಗುರುವಾರ ಮಂತ್ರಿಗಳು ಬಂದು ಹೆಸರಿನ ಕಲ್ಲು ತೆರೀತಾರೆ ಕಲಂದರ್. ಬಾಗೂರಿಂದ ತಿಪ್ಪಮ್ಮನೋರ್ನ ಕರ್ಕೊಂಡು ಬರೋದು ನಿನ್ನ ಜವಾಬ್ದಾರಿ. ಬೋರ್ಡಿನ ಜೀಪು ಕೊಡ್ತೀವಿ."

"ಬೇರೆ ಯಾರ್ನಾದ್ರೂ ಕಳಿಸ್ರಿ," ಅಂದ ಕಲಂದರ್.

"ಕಳಿಸಿದ್ವಿ. ಜುಂಜಪ್ಪನೋರ ಹೆಂಡ್ತಿ ಇಲ್ದೆ ಸಭೆ ಮಾಡಿದ್ರೆ ಜನ ಏನಂತಾರೆ? ಆದ್ರೆ ಆಯಮ್ಮ ಬರಲ್ಲ ಅಂದ್ರಂತೆ. ಆಮೇಲೆ, ಕಲಂದರ್ ಬಂದು ಕರದ್ರೆ ನೋಡಾಣ ಅಂದ್ರಂತೆ."

ಕಲಂದರ್ ಏಳು ವರ್ಷದಿಂದ ಬಾಗೂರಿನ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಲಾರಿ ಆ ದಾರಿಯಲ್ಲಿ ಹೋಗಬೇಕಾಗಿ ಬಂದರೆ ಬೀದಿ ಕೊನೆಯಲ್ಲೇ ತಿರುಗಿಸಿಕೊಂಡು ಹೋಗುತ್ತಿದ್ದ.

ಏಳು ವರ್ಷದ ಹಿಂದೆ, ಮಳೆಗಾಲದ ಒಂದು ಬೆಳಗ್ಗೆ, ಜುಂಜಪ್ಪನವರಿಗೆ ಎದೆನೋವು ಬಂದಿತ್ತು. ಚಿತ್ರದುರ್ಗದ ಆಸ್ಪತ್ರೆಗೆಂದು ಕಲಂದರ್ ಒಬ್ಬನೇ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟ. ಹೊಸದುರ್ಗ ದಾಟಿ ಕರಡಿಹಳ್ಳಕ್ಕೆ ಬಂದರೆ ಹಳ್ಳ ತುಂಬಿ ರಸ್ತೆಯ ಮೇಲೆ ನೀರು. ರಸ್ತೆ ಕೆಲಸ ಇನ್ನೂ ಅರ್ಧಕ್ಕೇ ನಿಂತಿತ್ತು, ಅಲ್ಲಿ ಸೇತುವೆ ಇರಲಿಲ್ಲ. ನುಗ್ಗಿಸಿದ ಜೀಪು ನಡುನೀರಿನಲ್ಲಿ ನಿಂತುಹೋಯಿತು. ನೀರು ಇಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಜುಂಜಪ್ಪನವರು ಹೋಗಿಬಿಟ್ಟಿದ್ದರು.

ಮೂರನೇ ದಿನ ಸಂತಾಪ ಸಭೆ. ಜುಂಜಪ್ಪನವರು ಬದುಕಿರುವತನಕ ಅವರ ಕಾಲೆಳೆದ ಏಕಾಂತಪ್ಪನೇ ಅಲ್ಲಿ ಮುಂದೆ ನಿಂತು, "ಪ್ರಾಣ ಬಿಡೋ ಗಳಿಗೆಯಲ್ಲೂ ನಮ್ಮ ಅಧ್ಯಕ್ಷರು ಹೇಳಿದ್ದು ಒಂದೇ ಮಾತು, 'ಈ ರಸ್ತೆ ಮುಗಿಸಿ' ಅಂತ," ಎಂದು ಕಣ್ಣೊರೆಸಿಕೊಂಡ. ಆಮೇಲೆ ಜನರ ನಡುವೆ ನಿಂತಿದ್ದ ಕಲಂದರನ ಕಡೆ ತಿರುಗಿ, "ಹೌದಲ್ವೇನಪ್ಪ ಕಲಂದರ್?" ಅಂದ. ಮೂರು ದಿನದಿಂದ ನಿದ್ದೆಯಿಲ್ಲದ ಕಲಂದರ್ ತಲೆಯಾಡಿಸಿದ. ಅಷ್ಟೆ. ಆ ಮಾತು ಪತ್ರಿಕೆಯಲ್ಲಿ ಬಂತು, ಚುನಾವಣೆಯ ಗೋಡೆಗಳ ಮೇಲೆ ಬಂತು, ಈಗ ಕಲ್ಲಿನ ಮೇಲೂ ಬರುವುದಿತ್ತು.

ಗುರುವಾರ ಬೆಳಗ್ಗೆ ಕಲಂದರ್ ಬಾಗೂರಿಗೆ ಹೋದಾಗ ತಿಪ್ಪಮ್ಮ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದರು. ಸೊರಗಿ ಅರ್ಧವಾಗಿದ್ದರು. ಯಾಕೆ ಬರಲಿಲ್ಲ ಇಷ್ಟು ದಿನ ಎಂದು ಕೇಳಲಿಲ್ಲ. "ಬಂದ್ಯೇನಪ್ಪ," ಅಂದು ಎದ್ದು ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತರು.

ಹೊಸದುರ್ಗ ದಾಟಿದ ಮೇಲೆ ಬಯಲಿನಲ್ಲಿ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂತು. ಕುರಿಗಳು ದಾಟಲೆಂದು ಕಲಂದರ್ ಜೀಪು ನಿಲ್ಲಿಸಿದಾಗ ತಿಪ್ಪಮ್ಮ ಬಾಯಿ ತೆರೆದರು.

"ಮೂವತ್ತು ವರ್ಷ ಅವರ ಜೊತೆ ಬಾಳ್ವೆ ಮಾಡ್ದೆ ಕಲಂದರ್. ಬೋರ್ಡು, ಸಭೆ, ಊರೋರ ಜಗಳ ಅಂತ ತಿರುಗಿದ್ರು. ನಾನು ಒಂದಿನ ಬ್ಯಾಡ ಅನ್ನಲಿಲ್ಲ. ಆದ್ರೆ ಸಾಯೋವಾಗ್ಲೂ ರಸ್ತೆ ಅಂದ್ರಲ್ಲ. ಮನೆ ನೆನಪಾಗ್ಲೇ ಇಲ್ವಲ್ಲ. ಅದೊಂದು ನನ್ನ ಎದೆಯಾಗೆ ಮುಳ್ಳು ಮುರಿದಂಗೆ ಉಳಕಂಡೈತೆ."

ಕುರಿಗಳು ದಾಟಿಹೋದವು. ಕಲಂದರ್ ಜೀಪು ಹೊರಡಿಸಲಿಲ್ಲ. ತಾನು ತಲೆಯಾಡಿಸಿದ್ದು ಬರೀ ಒಂದು ಸುಳ್ಳು ಎಂದು ಏಳು ವರ್ಷ ಅಂದುಕೊಂಡಿದ್ದ. ಅದು ಈ ಮನೆಯೊಳಗೆ ಹೊಕ್ಕು ಈ ಹೆಂಗಸನ್ನು ದಿನಾ ತಿಂದಿತ್ತು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಅಮ್ಮಾರೆ," ಅಂದ. "ಅವ್ರು ಹಂಗೆ ಅನ್ನಲಿಲ್ಲ."

ತಿಪ್ಪಮ್ಮ ತಿರುಗಿ ನೋಡಿದರು.

"ಹಳ್ಳದಾಗೆ ಜೀಪು ನಿಂತಾಗ, ಇನ್ನೆಷ್ಟು ದೂರ, ಇನ್ನೆಷ್ಟು ದೂರ ಅಂತಿದ್ರು. ಇಲ್ಲೇ ಬಂತು ಸಾಹೇಬ್ರೆ ಅಂತ ನಾನು ಸುಳ್ಳು ಹೇಳ್ತಿದ್ದೆ. ಕೊನೇಗೆ ನನ್ನ ಕೈ ಹಿಡ್ಕೊಂಡು, 'ಜೀಪ್ ತಿರುಗಿಸಪ್ಪ, ಬಾಗೂರಿಗೆ ಹೋಗಾಣ. ತಿಪ್ಪಿ ಒಬ್ಳೇ ಅವಳೆ' ಅಂದ್ರು. ತಿರುಗ್ಸಾಕೆ ಆಗಲಿಲ್ಲ ಅಮ್ಮಾರೆ. ಚಕ್ರ ಹೂತಿತ್ತು."

ತಿಪ್ಪಿ ಎಂದು ಅವರನ್ನು ಕರೆಯುತ್ತಿದ್ದವರು ಒಬ್ಬರೇ. ತಿಪ್ಪಮ್ಮ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡರು.

"ಸಭೆಯಾಗೆ ಎಲ್ಲರೆದುರಿಗೆ ಹೇಳಿಬಿಡ್ತೀನಿ," ಅಂದ ಕಲಂದರ್.

"ಕಲ್ಲು ಕೆತ್ತಾಗೈತೆ. ಇನ್ನು ಯಾರಿಗೆ ಹೇಳ್ತೀಯ? ನನಗೆ ಹೇಳಿದೆಯಲ್ಲ, ಸಾಕು. ನಡಿ."

ಕರಡಿಹಳ್ಳದಲ್ಲಿ ಆಗ ನೀರಿರಲಿಲ್ಲ, ಬರೀ ಮರಳು. ರಸ್ತೆ ಮಾತ್ರ ಹಾಗೇ ಹಳ್ಳಕ್ಕಿಳಿದು ಆಚೆ ಹತ್ತುತ್ತಿತ್ತು. ಎರಡು ಕಡೆಗೂ ಹೊಸ ಡಾಂಬರು ಬಂದಿತ್ತು, ಸೇತುವೆ ಬಂದಿರಲಿಲ್ಲ. ತಿಪ್ಪಮ್ಮ ಜೀಪು ನಿಲ್ಲಿಸಲು ಹೇಳಿ, ಇಳಿಯದೆ ಸುಮ್ಮನೆ ನೋಡಿದರು.

ಹಳ್ಳದಿಂದ ಎರಡು ಮೈಲಿ ಮುಂದೆ, ತಾಲ್ಲೂಕಿನ ಗಡಿಯಲ್ಲಿ ಶಾಮಿಯಾನ ಹಾಕಿದ್ದರು. ಹತ್ತು ಗಂಟೆಗೆ ಬರಬೇಕಿದ್ದ ಮಂತ್ರಿ ಎರಡಕ್ಕೆ ಬಂದ. ಅಲ್ಲಿಯವರೆಗೆ ತಿಪ್ಪಮ್ಮ ಕಬ್ಬಿಣದ ಕುರ್ಚಿಯ ಮೇಲೆ, ಕಲಂದರ್ ಜೀಪಿನ ನೆರಳಿನಲ್ಲಿ. ಬಂದವರಲ್ಲಿ ಅರ್ಧ ಜನ ಬಿಸಿಲಿಗೆ ಬೇಸತ್ತು ಎದ್ದುಹೋಗಿದ್ದರು. ಹಾರ, ಭಾಷಣ, ಮತ್ತೆ ಹಾರ. ಏಕಾಂತಪ್ಪ ಕಲ್ಲಿನ ಮೇಲಿನ ಮಾತನ್ನು ಗಟ್ಟಿಯಾಗಿ ಓದಿದಾಗ ಚಪ್ಪಾಳೆ ಬಿತ್ತು. ಕಲಂದರ್ ನೆಲ ನೋಡಿದ. ಆಮೇಲೆ ತಿಪ್ಪಮ್ಮನವರ ಮುಂದೆ ಮೈಕು ಹಿಡಿದರು.

"ಹೆಸರಿಟ್ಟಿದ್ದೀರಿ, ಒಳ್ಳೇದಾಗ್ಲಿ," ಅಂದರು ತಿಪ್ಪಮ್ಮ. "ಅವರು ಸತ್ತಿದ್ದು ಹಳ್ಳದಾಗೆ. ಅಲ್ಲಿ ಇನ್ನೂ ಸೇತುವೆ ಇಲ್ಲ. ಮಳೆ ಬಂದ್ರೆ ನಾಳೆ ಇನ್ನೊಬ್ರು ಹಂಗೇ ನಿಂತ್ಕಾಬೇಕು. ಅದನ್ನ ಕಟ್ಟಿಸ್ರಿ. ನನಗೆ ಇನ್ನೇನೂ ಬ್ಯಾಡ."

ಈ ವರ್ಷವೇ ಆಗುತ್ತದೆ ಎಂದ ಮಂತ್ರಿ. ಪಕ್ಕದಲ್ಲಿದ್ದ ಅಧಿಕಾರಿ ಬರೆದುಕೊಂಡ. ಸೇತುವೆ ಆದದ್ದು ನಾಲ್ಕು ವರ್ಷದ ಮೇಲೆ, ಆಗ ಅಧಿಕಾರದಲ್ಲಿ ಆ ಮಂತ್ರಿಯೂ ಇರಲಿಲ್ಲ, ಏಕಾಂತಪ್ಪನೂ ಇರಲಿಲ್ಲ. ರಸ್ತೆಯನ್ನು ಮಾತ್ರ ಜನ ಹೊಳಲ್ಕೆರೆ ರಸ್ತೆ ಎಂದೇ ಕರೆದರು.

ಬಾಗೂರಿಗೆ ವಾಪಸಾಗುವಾಗ ಹೊತ್ತು ಇಳಿಯುತ್ತಿತ್ತು. ತಿಪ್ಪಮ್ಮನವರನ್ನು ಇಳಿಸಿ ಕಲಂದರ್ ಹೊರಡುವುದರಲ್ಲಿದ್ದ.

"ಒಳಗೆ ಬಾ, ಉಂಡು ಹೋಗು," ಅಂದರು ಅವರು. "ಬೆಳಗ್ಗಿಂದ ನೀನೂ ಏನೂ ತಿಂದಿಲ್ಲ."

ತಣ್ಣಗಾಗಿದ್ದ ರಾಗಿಮುದ್ದೆ, ಹುರುಳಿಸಾರು. ಕಲಂದರ್ ನಡುಮನೆಯಲ್ಲಿ ಗೋಡೆಗೊರಗಿ ಕೂತು ತಲೆ ಎತ್ತದೆ ಉಂಡ. ಕೈ ತೊಳೆದು ಬಂದು, ಸೊಂಟ ನೋಯುತ್ತಿದೆ, ಒಂದು ಗಳಿಗೆ ಕೂತು ಹೋಗೋಣವೆಂದು ಜಗಲಿಯ ಮೇಲೆ ಕೂತವನು ಹಾಗೇ ಒರಗಿ ನಿದ್ದೆಹೋದ. ತಿಪ್ಪಮ್ಮ ತಾವು ಹೊದ್ದಿದ್ದ ಕಂಬಳಿ ತಂದು ಅವನಿಗೆ ಹೊದಿಸಿದರು. ಯಾರೂ ಎಬ್ಬಿಸಬೇಡಿ ಎಂದು ಬೀದಿಯವರಿಗೆ ಹೇಳಿ ಒಳಗೆ ಹೋದರು.