ಅಕ್ಕನಿಗೆ ಕೇಳಿಸಿದ್ದು

ಗುಮ್ಮ ಅಂತ ಅವನಿಗೆ ಹೆಸರಿಟ್ಟವರು ಬ್ಯಾಂಡಿನವರೇ. ಅವನ ಬೇಸ್ ಗಿಟಾರು ಗುಂ ಗುಂ ಅನ್ನುತ್ತಿತ್ತು, ಮುಖವೂ ಸದಾ ಗುಂ ಅಂತಲೇ ಇರುತ್ತಿತ್ತು. ಎರಡಕ್ಕೂ ಸೇರಿಸಿ ಒಂದೇ ಹೆಸರು ಸಾಕು ಅಂದುಕೊಂಡರು. ಬೇಸ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕಾದರೆ, ಹಾಡಿಗೆ ಅದು ಮನೆಯ ತಳಪಾಯ ಇದ್ದ ಹಾಗೆ. ನಾಲ್ಕೇ ತಂತಿ, ಹಗ್ಗದಷ್ಟು ದಪ್ಪ, ಎಲ್ಲಕ್ಕಿಂತ ಕೆಳಗಿನ ದನಿ. ಮನೆ ನೋಡೋಕೆ ಬಂದವರು ಕಿಟಕಿ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಅನ್ನುತ್ತಾರೆ. ತಳಪಾಯ ಚೆನ್ನಾಗಿದೆ ಅಂದವರನ್ನು ಯಾರಾದರೂ ಕಂಡಿದ್ದೀರಾ?

ಗುಮ್ಮ ಕಂಡಿದ್ದ. ಒಬ್ಬಳೇ ಒಬ್ಬಳು, ಅವನ ಅಕ್ಕ.

ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಕೆಲಸ. ಸ್ವಂತದ್ದೊಂದು ಹೊಲಿಗೆ ಅಂಗಡಿ ಹಾಕಬೇಕು ಅಂತ ಕೂಡಿಟ್ಟಿದ್ದನ್ನೆಲ್ಲ ಎತ್ತಿ, ಹತ್ತೊಂಬತ್ತು ವರ್ಷದ ತಮ್ಮನ ಕೈಗೆ ಬೇಸ್ ಕೊಡಿಸಿದಳು. ಅಂಗಡಿ ಆಸೆ ಅಲ್ಲಿಗೇ ಮುಗಿಯಿತು. ಇಪ್ಪತ್ತೆರಡು ವರ್ಷ ಆಯಿತು, ಇನ್ನೂ ಕಾಲರ್ ಹೊಲಿಯುತ್ತಲೇ ಇದ್ದಾಳೆ. ಅವನ ಕಾರ್ಯಕ್ರಮಕ್ಕೆ ಒಂದು ಸಲವೂ ಹೋದವಳಲ್ಲ. ಪಾಳಿ ಬಿಡುತ್ತಿರಲಿಲ್ಲ, ಬಿಟ್ಟರೂ ಜನಜಂಗುಳಿ ಅಂದರೆ ಅವಳಿಗೆ ತಲೆಸುತ್ತು. ಆದರೆ ಅವನ ಒಂದೊಂದು ರೆಕಾರ್ಡಿಂಗನ್ನೂ ಕೇಳುತ್ತಿದ್ದಳು. ಮೊದಮೊದಲು ಅಂಗೈಯಗಲದ ಟೇಪ್ ರೆಕಾರ್ಡರಿನಲ್ಲಿ, ಆಮೇಲೆ ಫೋನಿನಲ್ಲಿ. ಕೇಳಿ ಪ್ರತಿ ಸಲವೂ ಅದೇ ಮಾತು: "ಎಷ್ಟು ವಾದ್ಯ ಇದ್ರೂ ನಿನ್ನ ಕೈ ನಂಗೆ ಗೊತ್ತಾಗುತ್ತೆ ಕಣೋ. ಎಷ್ಟು ಚೆನ್ನಾಗಿ ನುಡಿಸಿದ್ದೀಯ!"

ಈ ಒಂದು ಮಾತನ್ನು ಇಟ್ಟುಕೊಂಡು ಗುಮ್ಮ ಲೋಕದ ಜೊತೆ ಜಗಳಕ್ಕೆ ಬಿದ್ದ. ಸಂಗೀತದ ಗಂಧಗಾಳಿ ಇಲ್ಲದ ಅಕ್ಕನಿಗೇ ಕೇಳಿಸುತ್ತೆ ಅಂದಮೇಲೆ ಬೇರೆಯವರಿಗೆ ಕೇಳಿಸಲ್ಲ ಅಂದರೆ ಅವರ ಕಿವಿ ಕೆಟ್ಟಿದೆ ಅಂತಲೇ ಅರ್ಥ. ಅವನ ಲೆಕ್ಕ ಅಷ್ಟು ಸಲೀಸು.

ಬ್ಯಾಂಡು ಬಿಟ್ಟಿದ್ದೂ ಈ ಲೆಕ್ಕದಲ್ಲೇ. ಹದಿಮೂರು ವರ್ಷ ಒಂದೇ ವ್ಯಾನಿನಲ್ಲಿ ಓಡಾಡಿದ ಬ್ಯಾಂಡು. ಅದರಲ್ಲಿ ಗಿಟಾರು ನುಡಿಸುತ್ತಿದ್ದವನಿಗೆ ಪಟಾಕಿ ಅಂತ ಹೆಸರು. ಅವನ ಬೆರಳೂ ಹಾಗೇ ಸಿಡಿಯುತ್ತಿತ್ತು, ಬಾಯಿಯೂ ಹಾಗೇ. ಒಂದು ದಿನ ದೊಡ್ಡ ಸಭೆಯ ನಡುವೆ ಬೇಸಿನ ದನಿ ದೊಡ್ಡದು ಮಾಡುವ ಗುಮ್ಮನ ಆಂಪ್ಲಿಫೈಯರ್ ಟಪ್ ಅಂತ ಸತ್ತಿತು. ಹಾಡು ಅರ್ಧಕ್ಕೆ ನಿಂತಿದೆ, ಗುಮ್ಮ ಮಂಡಿಯೂರಿ ವೈರು ತಡಕುತ್ತಿದ್ದಾನೆ, ಸಾವಿರಾರು ಜನ ನೋಡುತ್ತಿದ್ದಾರೆ. ಪಟಾಕಿ ಮೈಕು ಹಿಡಿದು, "ಗಾಬರಿ ಬೇಡಿ, ಹೋಗಿರೋದು ಬೇಸು. ಅದು ಹೋದ್ರೆ ಯಾರಿಗೂ ಗೊತ್ತಾಗಲ್ಲ!" ಅಂದ. ಸಭೆಗೆ ಸಭೆಯೇ ಹೋ ಅಂತ ನಕ್ಕಿತು. ಗುಮ್ಮ ಎದ್ದ, ಬೇಸನ್ನು ಚೀಲಕ್ಕೆ ತುಂಬಿಕೊಂಡ, ವೇದಿಕೆ ಇಳಿದು ಬಸ್ಸು ಹಿಡಿದು ಮನೆಗೆ ಹೋದ. ಮತ್ತೆ ಆ ಬ್ಯಾಂಡಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಆಮೇಲಿನ ಒಂಬತ್ತು ವರ್ಷ ಅವನು ಯಾರ ಹಂಗೂ ಇಲ್ಲದ ಕಲಾವಿದ. ಹಾಗಂತ ಹೇಳಿಕೊಳ್ಳೋಕೆ ಚೆನ್ನಾಗಿತ್ತು. ಕರೆದವರ ಹಾಡಿಗೆಲ್ಲ ನುಡಿಸಿದ, ಹೋಟೆಲಿನ ಮೂಲೆಯಲ್ಲಿ ಊಟ ಮಾಡುವವರಿಗೆ ನುಡಿಸಿದ, ನೃತ್ಯದ ಕ್ಲಾಸಿನಲ್ಲಿ ಮಕ್ಕಳ ಹೆಜ್ಜೆಗೆ ನುಡಿಸಿದ. ಉಳಿದ ಹೊತ್ತೆಲ್ಲ ಒಂದೇ ಧ್ಯಾನ: ತನ್ನದೇ ಒಂದು ಆಲ್ಬಂ. ಅದರಲ್ಲಿ ಗಿಟಾರಿಲ್ಲ, ಡ್ರಮ್ಸಿಲ್ಲ, ಹಾಡುವವರಿಲ್ಲ. ಬರೀ ಬೇಸು. ನಾಲ್ಕು ವರ್ಷ ಕೂತು ಎಂಟು ರಚನೆ ಮಾಡಿದ. ಅವುಗಳಲ್ಲಿ ಒಂದು ಅಕ್ಕನ ಫ್ಯಾಕ್ಟರಿಯ ಬೆಳಗಿನ ಪಾಳಿ, ಒಂದು ಅಪ್ಪನ ಕೆಮ್ಮು. ಕೇಳಿದರೆ ಎದೆಗೂಡೇ ಅದುರಬೇಕು, ಹಾಗೆ ಮಾಡಿದ್ದ. ಸುಳ್ಳು ಹೇಳಬಾರದು, ಕೆಲಸ ಅಪ್ಪಟವಾಗಿತ್ತು.

ಸ್ಟುಡಿಯೋ ಯಜಮಾನರು ವಯಸ್ಸಾದವರು, ದೊಡ್ಡ ದೊಡ್ಡವರ ದನಿ ಹಿಡಿದ ಕೈ. ಆಲ್ಬಂ ಪೂರ್ತಿ ಕೇಳಿ ಕುರ್ಚಿಯನ್ನು ಗುಮ್ಮನ ಕಡೆ ತಿರುಗಿಸಿದರು.

"ನೋಡಪ್ಪಾ, ನನ್ನ ಈ ಸ್ಪೀಕರಲ್ಲಿ ಇದು ಆನೆ ನಡೆದಂಗಿದೆ. ಆದ್ರೆ ಈಗಿನ ಜನ ಕೇಳೋದು ಫೋನಲ್ಲಿ. ಫೋನಿನ ಸ್ಪೀಕರು ಉಗುರಗಲ ಇರುತ್ತೆ, ಇಷ್ಟು ಕೆಳಗಿನ ದನಿ ಅದರಲ್ಲಿ ಹೊರಡೋದೇ ಇಲ್ಲ. ಸ್ವಲ್ಪ ಮೇಲಿನ ಸದ್ದು ಬೆರೆಸೋಣ. ಇಲ್ಲ, ಜೊತೆಗೆ ಒಂದು ಗಿಟಾರಾದ್ರೂ ಹಾಕು."

"ಗಿಟಾರಾ!" ಗುಮ್ಮ ಉರಿದು ಬಿದ್ದ. "ಯಜಮಾನ್ರೇ, ನಮ್ಮಕ್ಕ ಇಪ್ಪತ್ತೆರಡು ವರ್ಷದಿಂದ ಅಂಥಾ ಡಬ್ಬಿಯಲ್ಲೇ ಕೇಳ್ತಿದ್ದಾಳೆ. ಅವಳಿಗೆ ಎಲ್ಲಾ ಕೇಳಿಸುತ್ತೆ. ಮನಸ್ಸಿಟ್ಟು ಕೇಳೋರಿಗೆ ಕೇಳಿಸುತ್ತೆ, ಕೋಣಗಳಿಗೆ ಕೇಳಿಸದೇ ಇದ್ರೆ ಕಿನ್ನರಿ ಏನು ಮಾಡೋಕಾಗುತ್ತೆ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋನಿಗೆ ನಾಲ್ಕನೇ ಕಾಲು ತೋರಿಸೋದು ಯಾರ ಕೈಯಲ್ಲಾಗುತ್ತೆ? ಯಜಮಾನರು ಅವನು ಹೇಳಿದ ಹಾಗೇ ಮಾಡಿಕೊಟ್ಟರು. ಸಾಲದು ಅಂತ ಗುಮ್ಮ, ಬೆರಳು ಜಾರುವ ಸದ್ದೊಂದು ಬಿಟ್ಟು, ಅಲ್ಲಲ್ಲಿ ಉಳಿದಿದ್ದ ಮೇಲಿನ ಸದ್ದನ್ನೂ ಕತ್ತರಿಸಿ ಹಾಕಿಸಿದ. ಶುದ್ಧ ಬೇಸ್ ಆಗಬೇಕಂತೆ!

ಆಲ್ಬಂ ಅಂತರ್ಜಾಲಕ್ಕೆ ಹೋಯಿತು. ಮೂರೇ ದಿನದಲ್ಲಿ ಕೆಳಗೆ ಕೇಳಿದವರ ಮಾತುಗಳು ಬೀಳತೊಡಗಿದವು. 'ಫೈಲ್ ಖಾಲಿ ಇದೆ, ಮತ್ತೆ ಹಾಕಿ.' 'ಸೌಂಡ್ ಬರ್ತಿಲ್ಲ ಸಾರ್.' 'ನನ್ನ ಫೋನ್ ಕೆಟ್ಟಿದೆಯಾ ಅಥವಾ ಇವರ ತಲೆನಾ?' ಗುಮ್ಮ ಒಬ್ಬೊಬ್ಬರಿಗೂ ಬೈದು ಉತ್ತರ ಬರೆದ. ಆಮೇಲೆ ಕೈ ಸೋತಿತು. ಅಕ್ಕನಿಂದ ಮಾತ್ರ ಒಂದು ಸುದ್ದಿಯೂ ಇಲ್ಲ. ಅವಳ ಬಾಯಿಂದ ಆ ಮಾತು ಕೇಳದಿದ್ದರೆ ಉಸಿರಾಡೋಕೇ ಆಗಲ್ಲ ಅನ್ನಿಸಿ, ಅವಳ ರಜೆ ದಿನ ನೋಡಿಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಹೊರಟ.

ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ಬಾರೋ, ಸೊರಗಿ ಹೋಗಿದ್ದೀಯಲ್ಲೋ," ಅಂತ ಎದ್ದು ಟೀ ಇಟ್ಟಳು.

"ಕೇಳಿದ್ಯಾ ಅಕ್ಕಾ?"

"ಕೇಳ್ದೆ ಇರ್ತೀನಾ? ಕಳಿಸಿದ ದಿನಾನೇ ಕೇಳಿದೆ. ಚೆನ್ನಾಗಿದೆ."

"ಏನೇ ಇದು, ಉಪ್ಪಿಲ್ಲದ ಸಾರಿನ ಥರ ಹೇಳ್ತಿದ್ದೀಯ?"

ಅಕ್ಕ ಟೀ ಲೋಟ ಅವನ ಮುಂದಿಟ್ಟು ಅವನ ಕೈಯನ್ನೇ ನೋಡಿದಳು. "ಬೇಜಾರು ಮಾಡ್ಕೋಬೇಡ, ಒಂದು ಮಾತು ಕೇಳ್ತೀನಿ. ಕೈಗೇನಾದ್ರೂ ಆಗಿದ್ಯೇನೋ? ಎಂಟರಲ್ಲಿ ಒಂದರಲ್ಲೂ ನೀನೇ ಇಲ್ಲ."

ಫೋನನ್ನು ಡಬ್ಬಿಗೆ ಒರಗಿಸಿಟ್ಟು ಮೊದಲನೆಯದನ್ನು ಹಾಕಿದಳು. ಬೆಳಗಿನ ಪಾಳಿ, ಅವಳದೇ ಪಾಳಿ. ಗುಮ್ಮ ಕಿವಿಗೊಟ್ಟ. ಫೋನಿನಿಂದ ಪರ ಪರ ಅಂತ ಒಂದು ಸದ್ದು ಬಂತು, ಗೋಡೆಗೆ ಯಾರೋ ಬೆನ್ನು ಉಜ್ಜಿದ ಹಾಗೆ. ತಂತಿಯ ಮೇಲೆ ಅವನ ಬೆರಳು ಜಾರುವ ಸದ್ದು ಅದು. ಅಷ್ಟೇ, ಬೇರೇನೂ ಇಲ್ಲ.

"ಇದು ನೀನು ಕೂತು ಸರಿಮಾಡ್ಕೊಳ್ಳೋದು ಅಂದ್ಕೊಂಡೆ," ಅಂದಳು ಅಕ್ಕ. "ಈಗ ಶುರು ಮಾಡ್ತಾನೆ, ಈಗ ಶುರು ಮಾಡ್ತಾನೆ ಅಂತ ಕಾದೆ. ಮುಗಿದೇ ಹೋಯ್ತು."

ಗುಮ್ಮ ಫೋನಿನ ಕಡೆ ಬಾಗಿದ. "ಮತ್ತೆ ಇಷ್ಟು ವರ್ಷ... ಹಳೇ ಹಾಡುಗಳಲ್ಲಿ ನಾನು ಕೇಳಿಸ್ತಿದ್ದೆ ಅಂತಿದ್ದೆಯಲ್ಲ?"

"ಅದರಲ್ಲಿ ಕೇಳಿಸ್ದೆ ಇನ್ನೇನು? ತಡಿ." ಬೆರಳಲ್ಲಿ ತಳ್ಳಿ ತಳ್ಳಿ ಬ್ಯಾಂಡಿನ ಕಾಲದ ಒಂದು ಹಾಡು ತೆಗೆದಳು. ಹಾಡಿನ ನಡುವೆ ಗಿಟಾರು ಟಿಣಿ ಟಿಣಿ ಅಂತ ಮೇಲೇಳುತ್ತಲೇ ಅಕ್ಕನ ಮುಖ ಅರಳಿತು. ಒಂದು ಸ್ವರವನ್ನೂ ಬಿಡದೆ ಜೊತೆಗೆ ಗುನುಗಿದಳು. "ಇದು ನೋಡು ನೀನು! ನಾನು ಪಾಳಿ ಮುಗಿಸಿ ಬಂದು ಮಲಗಿದಾಗ ನಿನ್ನ ಕೋಣೆಯಿಂದ ಟಿಣ್ ಟಿಣ್ ಅಂತ ಬರ್ತಿತ್ತಲ್ಲ, ಅದೇ ದನಿ. ಯಾವ ಹಾಡಲ್ಲಾದ್ರೂ ನಾನು ಹುಡುಕಿ ಹಿಡಿಯೋದು ಇದನ್ನೇ."

ಅದು ಪಟಾಕಿ ನುಡಿಸಿದ್ದು.

ಗುಮ್ಮನಿಗೆ ಎಲ್ಲ ಅರ್ಥವಾಯಿತು. ಅಕ್ಕನ ನಿದ್ದೆ ಕೆಡಬಾರದು ಅಂತ ಆಂಪ್ಲಿಫೈಯರಿಗೆ ಸಿಕ್ಕಿಸದೆ ಅಭ್ಯಾಸ ಮಾಡುತ್ತಿದ್ದವನು ಅವನೇ. ಹಾಗೆ ನುಡಿಸಿದರೆ ಎಂಥ ಬೇಸೂ ಗೋಡೆಯಾಚೆಗೆ ಟಿಣ್ ಟಿಣ್ ಅಂತಲೇ ಕೇಳುವುದು. ಅವನ ನಿಜವಾದ ದನಿ ಅವಳ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಮೆಚ್ಚಿದ್ದು ಪಟಾಕಿಯನ್ನು, ಆಮೇಲೆ ಕೂಲಿಗೆ ನುಡಿಸಿದ ಹಾಡುಗಳಲ್ಲಿ ಯಾರ್ಯಾರದೋ ಗಿಟಾರನ್ನು. ಒಂದು ಕ್ಷಣ ಅಕ್ಕನ ಮೇಲೇ ಅವನಿಗೆ ಅಸಹ್ಯ ಬಂತು. ಕಿತ್ತು ಬಿಸಾಕು ಆ ಫೋನು ಅಂತ ಕೈ ಮುಂದಾಯಿತು. ಅದು ನಾನಲ್ಲ ಕಣೇ ಅನ್ನೋ ಮಾತು ನಾಲಿಗೆ ತುದಿಗೆ ಬಂದು ನಿಂತಿತು.

ಅಕ್ಕ ಫೋನನ್ನು ಸೆರಗಿನಿಂದ ಒರೆಸುತ್ತ ಹೇಳಿದಳು: "ಊಟದ ಹೊತ್ತಲ್ಲಿ ಇದನ್ನ ಹಾಕಿ ಎಲ್ಲರಿಗೂ ಕೇಳಿಸ್ತೀನಿ. ನಮ್ಮ ಕಾಲರ್ ಸೆಕ್ಷನ್ನಿನಲ್ಲಿ ನಿನ್ನ ಹೆಸರು ಗೊತ್ತಿಲ್ದೋರು ಯಾರಿದಾರೆ? ಅಷ್ಟೂ ವರ್ಷ ಆ ಮೆಷಿನ್ನಿನ ಮುಂದೆ ಬೆನ್ನು ಮುರ್ಕೊಂಡಿದ್ದು ದಂಡ ಆಗ್ಲಿಲ್ಲ ಅಂತ ನಂಗನ್ಸೋದು ಇದನ್ನ ಕೇಳ್ದಾಗ್ಲೇ ಕಣೋ."

ನಾಲಿಗೆ ತುದಿಯ ಮಾತನ್ನು ಗುಮ್ಮ ಟೀ ಜೊತೆ ನುಂಗಿದ. "ಕೈ ನೋವಿತ್ತಕ್ಕಾ. ಸರಿಯಾಗಿ ನುಡಿಸೋಕಾಗ್ಲಿಲ್ಲ."

"ಹಾಗನ್ನು! ನಂಗವತ್ತೇ ಅನ್ನಿಸ್ತು. ವಾಸಿ ಮಾಡ್ಕೊಂಡು ಇನ್ನೊಂದ್ಸಲ ನುಡಿಸಿ ಕಳ್ಸು. ಅವಸರ ಏನಿಲ್ಲ."

ಬೀದಿಗಿಳಿದು, ಬಸ್ ಸ್ಟಾಪಿನಲ್ಲಿ ನಿಂತು, ಒಂಬತ್ತು ವರ್ಷದಿಂದ ಒತ್ತದ ನಂಬರನ್ನು ಒತ್ತಿದ.

ಪಟಾಕಿ ಮಾರನೆಯ ದಿನ ಹೇಳಿದ ಹೊತ್ತಿಗಿಂತ ಮೊದಲೇ ಸ್ಟುಡಿಯೋಗೆ ಬಂದು ಕೂತಿದ್ದ. ಕೂದಲು ಉದುರಿತ್ತು, ಬಾಯಿ ಮೆತ್ತಗಾಗಿತ್ತು. ಯಜಮಾನರು ದೊಡ್ಡ ಸ್ಪೀಕರಿನಲ್ಲಿ ಆಲ್ಬಂ ಹಾಕಿದರು. ಮೊದಲನೆಯದು ಮುಗಿಯಿತು, ಎರಡನೆಯದು ಮುಗಿಯಿತು, ಅಪ್ಪನ ಕೆಮ್ಮು ಬಂತು. ಪಟಾಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಲೋ ಗುಮ್ಮ, ಇದರ ಮೇಲೆ ನಾನೇನೋ ನುಡಿಸ್ಲಿ? ಎಲ್ಲಿದೆ ಜಾಗ? ತುಂಬಿ ಕೂತಿದೆ ಇದು. ನನ್ನ ಮುಟ್ಟೋಕೆ ಹೇಳ್ಬೇಡ, ಕೈ ಮುಗೀತೀನಿ."

ಗುಮ್ಮ ಗಿಟಾರಿನ ಚೀಲವನ್ನು ಅವನ ಕಡೆ ತಳ್ಳಿದ.

"ಅವತ್ತು ಮೈಕಲ್ಲಿ ಹಾಗಂದೆನಲ್ಲ," ಅಂದ ಪಟಾಕಿ. "ನಿನ್ನ ಬೇಸ್ ನಿಂತ ತಕ್ಷಣ ನಂಗೆ ಕಾಲಡಿ ನೆಲಾನೇ ಹೋದಂಗಾಯ್ತು ಕಣೋ. ಹೆದರಿಬಿಟ್ಟೆ. ಆ ಹೆದರಿಕೆಗೆ ಏನೋ ಒದರಿದೆ. ಹದಿಮೂರು ವರ್ಷ ನಾನು ನುಡಿಸಿದ್ದೆಲ್ಲ ನಿನ್ನ ಬೆನ್ನಿನ ಮೇಲೆ ನಿಂತ್ಕೊಂಡು."

ಈ ಮಾತಿಗಾಗಿ ಗುಮ್ಮ ಒಂಬತ್ತು ವರ್ಷ ಹಲ್ಲು ಕಚ್ಚಿಕೊಂಡು ಬದುಕಿದ್ದ. ಕನಸಿನಲ್ಲೂ ಕೇಳಿಸಿಕೊಂಡಿದ್ದ. ಈಗ ಬಂತು, ತಗೊಂಡು ಏನು ಮಾಡೋದು? ಬೇಡದ ಹೊತ್ತಿನಲ್ಲಿ, ಬೇಡದವನ ಬಾಯಿಂದ. ಅವನ ಸಂಗೀತಕ್ಕೆ ಕಿವಿ ಅಂತ ಇದ್ದಿದ್ದು ಈ ಪ್ರಪಂಚದಲ್ಲಿ ಈ ಮುಂಡೇಮಗನಿಗೇ ಅಂತ ಗೊತ್ತಾಗಿ ಹೊಟ್ಟೆ ಉರಿಯಿತು.

"ಗಿಟಾರು ತೆಗಿ," ಅಂದ.

ಯಜಮಾನರು ನಡುವೆ ಬಾಯಿ ಹಾಕಿದರು. "ಗಿಟಾರು ಅಂದಿದ್ದು ನಾನೇ ಇರ್ಬಹುದಪ್ಪಾ. ಆದ್ರೆ ಅದು ಬೇಡ ಈಗ. ಬೇಸನ್ನೇ ಒಂಚೂರು ಮೇಲೆತ್ತೋಣ, ಫೋನಲ್ಲಿ ನೀನೇ ಕೇಳಿಸ್ತೀಯ."

"ನಾನು ಕೇಳಿಸೋದು ಬೇಡ ಯಜಮಾನ್ರೇ. ಇವನು ಕೇಳಿಸ್ಲಿ."

"ಯಾಕೋ?" ಅಂದ ಪಟಾಕಿ.

"ಒಬ್ಬರು ಕಾಯ್ತಿದ್ದಾರೆ. ನುಡಿಸಯ್ಯಾ ಸುಮ್ನೆ."

ಎಂಟೂ ರಚನೆಯ ಮೇಲೆ ಪಟಾಕಿ ನುಡಿಸಿದ. ಒಳ್ಳೆ ಮನುಷ್ಯ, ಪ್ರಾಣ ಇಟ್ಟು ನುಡಿಸಿದ, ಅದೇ ದೊಡ್ಡ ಕೇಡಾಯಿತು. ಗಿಟಾರು ಬೆಳಗಿನ ಪಾಳಿಯ ಮೇಲೆ ಕುಣಿಯಿತು, ಅಪ್ಪನ ಕೆಮ್ಮಿನ ಮೇಲೆ ಹೂವು ಬಿಟ್ಟಿತು. ಹೊಸ ಆಲ್ಬಂ ಹಾಕಿದ ವಾರಕ್ಕೇ ಜನ ಕೊಂಡಾಡತೊಡಗಿದರು. ಗುಮ್ಮ ಅದನ್ನು ಓದಲಿಲ್ಲ. ನೃತ್ಯದ ಕ್ಲಾಸಿನಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಕೂತು ಫೋನನ್ನೇ ಕಾಯುತ್ತಿದ್ದ.

ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಆ ಕಡೆ ಊಟದ ಡಬ್ಬಿಗಳ ಸದ್ದು, ಹೆಂಗಸರ ನಗು, ನಡುವೆ ಅಕ್ಕನ ಕೂಗು.

"ವಾಸಿ ಆಯ್ತಲ್ಲೋ ಕೈ! ಇದು ನೋಡು ನನ್ನ ತಮ್ಮ ಅಂದ್ರೆ! ಎಲ್ಲರೂ ಊಟ ಬಿಟ್ಟು ಕೇಳ್ತಿದಾರೆ ಕಣೋ, ನಂಗೆ ಕಣ್ಣಲ್ಲಿ ನೀರೇ ಬಂದುಬಿಡ್ತು. ಇಷ್ಟು ಚೆನ್ನಾಗಿ ನೀನು ಯಾವತ್ತೂ ನುಡಿಸಿರ್ಲಿಲ್ಲ."

"ಹೂಂ ಅಕ್ಕಾ."

"ಒಂದೇ ಒಂದು. ಹಿಂದೆ ಆ ಪರ ಪರ ಅನ್ನೋ ಸದ್ದು ಇನ್ನೂ ಹಾಗೇ ಉಳ್ಕೊಂಡಿದೆ. ಎಷ್ಟು ಚೆಂದದ ಹಾಡಿಗೆ ಅದೊಂದು ಅಡ್ಡ. ಅವರಿಗೆ ಹೇಳಿ ತೆಗೆಸಿಬಿಡೋಕಾಗುತ್ತೇನೋ?"

"ಆಗುತ್ತಕ್ಕಾ," ಅಂದ ಗುಮ್ಮ. "ತೆಗೆಸ್ತೀನಿ."