ದೊಡ್ಡಿಯಲ್ಲಿ ನಿಂತ ಕಾಯಿಗಳು

ನಿರ್ಮಲಾ ಇವತ್ತು ಗೆಲ್ಲಲೇಬೇಕಿತ್ತು, ಗೆಲ್ಲದೆ ಏನು ಮಾಡಿಯಾಳು! ವಿಜಯಪುರದ ಆ ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದು ಒಂದೇ ಕೆಲಸ. ಕೇಳಿದವರು ಇಬ್ಬರು, ಅವಳು ಮತ್ತು ಫೈಜಲ. ಇಬ್ಬರೂ ಡ್ರಾಫ್ಟ್ಸ್ ಎಂಬ ಚೌಕದ ಹಲಗೆಯ ಕಾಯಿ ಆಟ ಆಡುವ ಪ್ರೋಗ್ರಾಂ ಬರೆದು ತರಲಿ, ಅವೆರಡನ್ನೂ ಆಡಲು ಬಿಡೋಣ, ಗೆದ್ದವರಿಗೆ ಕೆಲಸ ಎಂದಿದ್ದರು ಮುಖ್ಯಸ್ಥ ಚಂದ್ರಕಾಂತ ಸರ್. ಗೆದ್ದರೆ ವಿಜಯಪುರದಲ್ಲೇ ಬಾಡಿಗೆ ಖೋಲಿ ಹಿಡಿದು ಇರಬಹುದು. ಸೋತರೆ ಸಾರವಾಡದ ಗಂಡನ ಮನೆ, ಅದೇ ಅಡುಗೆಮನೆ, ಹೊಸ್ತಿಲು ದಾಟಬೇಕಾದರೂ ಅಪ್ಪಣೆ. ಗಂಡ ಅರುಣಕುಮಾರ ಅಪ್ಪನೆದುರು ಉಸಿರೆತ್ತುವ ಪೈಕಿಯಲ್ಲ. ಸೋತರೆ ಮರುಮಾತಿಲ್ಲದೆ ಮನೆಗೆ ಬರಬೇಕು ಎಂದು ಮಾತಾಗಿಯೇ ಮಾವ ಈರಯ್ಯ ಅವಳನ್ನು ಬಸ್ಸಿನಲ್ಲಿ ಕರೆತಂದು, ಲ್ಯಾಬಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ.

ಆಟ ಶುರುವಾಯಿತು. ಪರದೆಯ ಮೇಲೆ ಕರಿ ಕಾಯಿ, ಬಿಳಿ ಕಾಯಿ ಓರೆಯಾಗಿ ಸರಿಯುತ್ತ, ಸಿಕ್ಕಿದ್ದನ್ನು ಹಾರಿ ಹೊಡೆಯುತ್ತ ಸಾಗಿದವು. ಮೊದಮೊದಲು ನಿರ್ಮಲಾಳ ಬಿಳಿಯದೇ ಮೇಲುಗೈ. ಆಮೇಲೆ ಅದಕ್ಕೇನು ಬಡಿಯಿತೋ ಶಿವನೇ ಬಲ್ಲ, ಇದ್ದಬದ್ದ ಕಾಯಿಗಳನ್ನೆಲ್ಲ ತಾನೇ ಒಯ್ದು ಮೂಲೆಯಲ್ಲಿ ಒಟ್ಟಿಕೊಂಡಿತು. ಕರಿ ಕಾಯಿಗಳು ಎದುರು ಬಂದು ನಿಂತವು. ಬಿಳಿಗೆ ಸರಿಯಲು ಒಂದು ಮನೆಯೂ ಉಳಿಯಲಿಲ್ಲ.

"ಏನ್ರೀ ಮೇಡಂ, ನಿಮ್ದು ತಾನ ಹೋಗಿ ಸಿಕ್ಕೊಂಡೈತಲ್ರಿ!" ಎಂದ ಫೈಜಲ. ಅವನಿಗೂ ನಂಬಿಕೆ ಬರಲಿಲ್ಲ.

"ಸರಿಯಾಕ ಜಾಗ ಇಲ್ಲಂದ್ರ ಸೋತಂಗ. ಆಟದ ನಿಯಮ," ಎಂದರು ಚಂದ್ರಕಾಂತ ಸರ್.

ನಿರ್ಮಲಾಳ ಪ್ರೋಗ್ರಾಂ ಮಾತ್ರ ಲೆಕ್ಕ ಹಾಕಿ 'ಸಮ ಸಮ' ಎಂದು ತೋರಿಸುತ್ತಿತ್ತು. ಅವಳಿಗೆ ಆಗ ಹೊಳೆಯಿತು. ಬಿಜ್ಜರಗಿಯ ತವರಿನಲ್ಲಿ ಅಪ್ಪ ಅಮೋಘಿ ಕುರಿ ಮೇಯಿಸುತ್ತ, ಬಂಡೆಯ ಮೇಲೆ ಇದ್ದಿಲಿನಿಂದ ಮನೆ ಗೀಚಿ ಈ ಆಟ ಕಲಿಸಿದ್ದ. ಕಾಯಿ ಸಿಕ್ಕಿಬಿದ್ದರೆ ಅವರಲ್ಲಿ ಸೋಲಲ್ಲ. "ದೊಡ್ಡ್ಯಾಗ ನಿಂತ ಕುರಿ ಸತ್ತೈತೇನ? ಕೂತ್ಕೊ ಮಗಳ, ದಾರಿ ಬಿಡೂತನಾ," ಎನ್ನುತ್ತಿದ್ದ. ಪುಸ್ತಕ ತೆರೆದು ನೋಡದೆ ಆ ನಿಯಮವನ್ನೇ ಅವಳು ಬರೆದಿದ್ದಳು. ಪರೀಕ್ಷೆ ಮಾಡುವಾಗಲೂ ಪ್ರೋಗ್ರಾಮನ್ನು ಅದರ ನಕಲಿನ ಜೊತೆಗೇ ಆಡಿಸಿದ್ದಳು. ಎರಡಕ್ಕೂ ಒಂದೇ ತಪ್ಪು, ಹೇಳುವವರು ಯಾರು? ಮೂಲೆ ಸೇರಿದರೆ ಯಾರೂ ಹೊಡೆಯಲಾರರು, ಅದಕ್ಕಿಂತ ಸುಖ ಬೇರೆ ಇಲ್ಲ ಎಂದು ಪ್ರೋಗ್ರಾಂ ಆಡಾಡುತ್ತಲೇ ಕಲಿತುಬಿಟ್ಟಿತ್ತು.

ಮತ್ತೆ ತಾನು? ಸಾರವಾಡದಲ್ಲಿ ಇಷ್ಟು ವರ್ಷ ತಾನೂ ಕೂತೇ ಇದ್ದೆನಲ್ಲ, ಯಾರಾದರೂ ದಾರಿ ಬಿಟ್ಟಾರು ಎಂದು! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಮುಗೀತಿಲ್ಲೋ?" ಈರಯ್ಯನಿಗೆ ಖುಷಿ ಮುಚ್ಚಿಡಲು ಬರಲಿಲ್ಲ. "ನಡಿ, ಬಸ್ ಐತಿ."

"ನೀವು ಹೋಗ್ರಿ ಮಾವಾರ. ನಾ ಬರೂದಿಲ್ಲ. ಈ ಊರಾಗ ಬ್ಯಾರೆ ಕೆಲ್ಸ ಹುಡಕ್ತೀನಿ."

"ಮಾತಂದ್ರ ಮಾತು. ಸೋತೀದಿ ನೀ."

"ಸೋತೀನಿ. ಆದ್ರ ಬರೂದಿಲ್ಲ."

ಮುದುಕ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಹೊಸ್ತಿಲುದ್ದಕ್ಕೂ ಕಾಲು ಚಾಚಿದ. ಹಿರಿಯರ ಕಾಲು ದಾಟಿ ಹೋಗುವಂಥ ಸೊಸೆ ಅವರ ಮನೆಗೆ ಇನ್ನೂ ಬಂದಿರಲಿಲ್ಲ, ಅದು ಅವನಿಗೆ ಗೊತ್ತು. ಲ್ಯಾಬಿಗೆ ಇದ್ದದ್ದು ಅದೊಂದೇ ಬಾಗಿಲು. ಸರ್ ನೆಲ ನೋಡಿದರು. ಫೈಜಲ ಮೌಸ್ ಹಿಡಿದುಕೊಂಡು ಪರದೆಯತ್ತ ಮುಖ ತಿರುಗಿಸಿದ.

ನಿರ್ಮಲಾ ಚೀಲ ಹೆಗಲಿಗೇರಿಸಿ ಮಾವನೆದುರು ಬಂದು ನಿಂತಳು.

"ಕಾಲ್ ತಗೀರಿ ಮಾವಾರ," ಎಂದಳು.

ಅವನು ತೆಗೆಯಲಿಲ್ಲ. ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ದಾಟಿದಳು.