ಆರು ಗಂಟೆಗೆ ಸರಿಯಾಗಿ ಬರುವ ಗಂಡ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಲ್ಬ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಪ್ಯಾಕಿಂಗ್ ನನ್ನ ಕೆಲಸ. ತಪಾಸಣೆ ವಿಭಾಗಕ್ಕೆ ಹೋಗಬೇಕಾದರೆ ಭಾನುವಾರದ ಸಂಖ್ಯಾಶಾಸ್ತ್ರದ ತರಗತಿ ಪಾಸಾಗಬೇಕಿತ್ತು. ಮೇಲಿನ ಸಾಲಿನ ಬಲ್ಬುಗಳನ್ನಷ್ಟೇ ನೋಡಿ ಇಡೀ ಪೆಟ್ಟಿಗೆಗೆ ಶಹಬ್ಬಾಸ್ ಹೇಳಬಾರದು ಎಂಬುದು ಬೇಗ ತಲೆಗೆ ಹತ್ತಿತು. ಕಾನ್ಫಿಡೆನ್ಸ್ ಇಂಟರ್ವಲ್ ಎಂಬ ಅಂತರದ ಲೆಕ್ಕ ಮಾತ್ರ ಕಬ್ಬಿಣದ ಕಡಲೆ.

"ಸರಾಸರಿ ಇಷ್ಟೇ ಅಂತ ಹೇಳ್ಬೇಡಿ, ಇಲ್ಲಿಂದ ಇಲ್ಲಿವರೆಗೆ ಅನ್ನಿ" ಎಂದರು ಮೇಷ್ಟ್ರು. "ಹೀಗೆ ನೂರು ಸಲ ಲೆಕ್ಕ ಹಾಕಿದ್ರೆ, ಸುಮಾರು ತೊಂಬತ್ತೈದು ಸಲ ನಿಜವಾದ ಸರಾಸರಿ ಅದರೊಳಗೆ ಸಿಗ್ಬೇಕು."

ಯಾವುದಾದರೊಂದನ್ನು ಮೂವತ್ತು ದಿನ ಅಳೆದು ತರಬೇಕಿತ್ತು. ಬಸ್ ಓಡಿಸುವ ನನ್ನ ಗಂಡ ಸಂಜೆ ಮನೆ ಸೇರುವ ಹೊತ್ತನ್ನೇ ಆರಿಸಿಕೊಂಡೆ. ಮೊದಲು ನಾಲ್ಕು ದಿನ ಅಭ್ಯಾಸಕ್ಕೆಂದು ಬರೆದೆ. ಒಂದು ದಿನ ಐದೂ ಇಪ್ಪತ್ತು, ಇನ್ನೊಂದು ದಿನ ಆರು.

"ಈ ಅಂತರದಲ್ಲಿ ಆನೆ ನುಗ್ಗುತ್ತೆ ಕಣ್ರೀ! ಹೆಂಡತಿ ಪಾಸಾಗೋದು ಬೇಡ್ವಾ?" ಎಂದು ರೇಗಿದೆ.

ಮರುದಿನದಿಂದ ಇವರು ಆರಕ್ಕೆ ಸರಿಯಾಗಿ ಬಾಗಿಲಲ್ಲಿ ಹಾಜರ್. ನನ್ನ ಅಂತರ ಎರಡೇ ನಿಮಿಷಕ್ಕಿಳಿಯಿತು. ಹಿಗ್ಗಿ ಹೀರೇಕಾಯಿಯಾಗಿ ಪುಸ್ತಕ ಒಯ್ದು ತರಗತಿಯಲ್ಲಿ ಒಪ್ಪಿಸಿದೆ.

ಮೇಷ್ಟ್ರು ಪುಸ್ತಕ ಮುಚ್ಚಿದರು. "ಬಸ್ಸು ಓಡಿಸೋರು ಹೀಗೆ ಬರೋಕಾಗುತ್ತಾ? ಮನೇಲಿ ಕೂತು ಸುಳ್ಳು ಲೆಕ್ಕ ಬರೆದಿದ್ದೀರಿ. ಇದಕ್ಕೆ ನಾನು ಪಾಸ್ ಕೊಡಲ್ಲ."

ಅಳು ನುಂಗಿಕೊಂಡು ಮನೆಗೆ ಬಂದೆ. "ಲೆಕ್ಕ ಸುಳ್ಳಂತೆ" ಎಂದೆ, ಅಷ್ಟೇ.

"ನಾನೇನು ಮೋರಿಕಟ್ಟೆ ಮೇಲೆ ಕೂತಿರ್ಲಿಲ್ಲಪ್ಪ" ಎಂದರು ಇವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

ದಬಾಯಿಸಿದೆ. ಬಾಯಿಬಿಟ್ಟರು. "ದಿನಾ ಬೇಗ ಬಂದು ತಿರುವಿನ ಮೋರಿಕಟ್ಟೆ ಮೇಲೆ ಆರಾಗೋವರೆಗೂ ಕೂತಿರ್ತಿದ್ದೆ ಕಣೇ. ನಿನ್ನ ಅಂತರ ಚಿಕ್ಕದಾಗ್ಲಿ ಅಂತ."

"ದಿನಕ್ಕೆ ಎಷ್ಟು ಹೊತ್ತು?"

"ಸರಾಸರಿ ಇಪ್ಪತ್ತು ನಿಮಿಷ."

ಮೂವತ್ತು ದಿನ. ಹತ್ತು ಗಂಟೆ. ದಿನವಿಡೀ ಸ್ಟಿಯರಿಂಗ್ ತಿರುಗಿಸಿ ದಣಿದವರು, ಮನೆ ಕಣ್ಣಿಗೆ ಕಾಣುತ್ತಿದ್ದರೂ ಹೊರಗೆ ಕೂತಿದ್ದರು. ಬೈಯಲು ಬಾಯಿ ತೆರೆದರೆ ಅಳುವೇ ಬಂತು. ಈ ಮನುಷ್ಯನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯಾದಾಗಲೂ ಇಲ್ಲ.

ಮುಂದಿನ ಭಾನುವಾರ ಇವರು ಮೇಷ್ಟ್ರ ಮುಂದೆ ತಾವೇ ಕೈಕಟ್ಟಿ ನಿಂತು ತಪ್ಪೊಪ್ಪಿಕೊಂಡರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು, "ಇನ್ನೊಂದು ಮೂವತ್ತು ದಿನ ಅಳೀರಿ, ಯಜಮಾನ್ರನ್ನ ನೇರ ಮನೆಗೆ ಬರೋಕೆ ಬಿಡಿ" ಎಂದರು.

ಈ ಸಲದ ಅಂತರ ದೊಡ್ಡದೇ ಬಂತು. ಆದರೂ ಪಾಸಾದೆ. ಹೊಸ ಸರಾಸರಿ ಐದೂ ನಲವತ್ತು. ಈಗ ನನ್ನ ಪುಸ್ತಕದಲ್ಲಿ ಬರೆಯುವುದಕ್ಕೇನೂ ಇಲ್ಲ. ಉಳಿದ ಆ ಇಪ್ಪತ್ತು ನಿಮಿಷ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡುತ್ತೇವೆ.